ದಿನಕ್ಕೆ ಮೂರೇ ಸಲ: ನನ್ನ ಐದೂವರೆ ಸೆಂಟಿಮೀಟರಿನ ಲೆಕ್ಕ

ಹೋದ ವಾರ ಊರಿಗೆ ಹೋಗಿದ್ದಾಗ ನನ್ನ ಸೋದರಮಾವ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆ ಮೇಲೆ ಪಂಚಾಂಗ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದರು. 162.5. ಎರಡು ವರ್ಷದ ಹಿಂದೆ ಅದೇ ಗೋಡೆಯ ಗೆರೆ 157 ಇತ್ತು. ಎತ್ತರ ಹೆಚ್ಚಿಸಿಕೊಳ್ಳಲು ಕಾಲಿನ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಾಗ, "ಕಾಲು ಮುರಿಸ್ಕಳಕ್ಕೆ ದುಡ್ ಬೇರೆ ಕೊಟ್ಟೀಯೇನ್ಲಾ?" ಎಂದಿದ್ದವರು ಇದೇ ಮಾವ. ಈ ಸಲ ಏನೂ ಅನ್ನಲಿಲ್ಲ. ಟೇಪನ್ನು ಇನ್ನೊಂದು ಸಲ ಹಿಡಿದು ನೋಡಿದರು, ಅಷ್ಟೇ. ಆವತ್ತು ರಾತ್ರಿಯೇ ಬರೆಯಲು ಕೂತೆ.

ರಿಂಗು ಹಾಕಿಸಿಕೊಂಡಿರುವವರಿಗೆ, ಹಾಕಿಸಿಕೊಳ್ಳಲು ದಿನ ಗೊತ್ತು ಮಾಡಿಕೊಂಡಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಕಾಲಿನ ಮೂಳೆ ಕತ್ತರಿಸಿ ಸುತ್ತ ರಿಂಗು ಕಟ್ಟುವುದು, ನಟ್ ತಿರುಗಿಸುತ್ತಾ ಮೂಳೆಯ ಎರಡು ತುಂಡನ್ನು ದಿನಾ ಇಷ್ಟಿಷ್ಟೇ ದೂರ ಮಾಡುವುದು, ಆ ಸಂದಿಯಲ್ಲಿ ಹೊಸ ಮೂಳೆ ತುಂಬುವುದು ಎಲ್ಲ ನಿಮಗೆ ಗೊತ್ತೇ ಇದೆ. ನನ್ನದು ಹಿಮ್ಮಡಿಯ ಮಾತು. ಮೂಳೆ ನೀವು ಎಳೆದಂತೆ ಬರುತ್ತದೆ, ಮೀನಖಂಡ ಹಾಗೆ ಬರುವುದಿಲ್ಲ. ಅದು ಹಿಮ್ಮಡಿಯನ್ನು ಮೇಲಕ್ಕೆ ಎಳೆದುಕೊಂಡು ಕೂತುಬಿಡುತ್ತದೆ. ಎತ್ತರವಾಗಿಯೂ ತುದಿಗಾಲಲ್ಲಿ ಓಡಾಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲು ಹೋದ ಒಂದು ಕಡೆ 8 ಸೆಂಟಿಮೀಟರ್ ಮಾಡಿಕೊಡುತ್ತೇವೆ ಎಂದರು. ಹಿಮ್ಮಡಿ ಎತ್ತಿಕೊಂಡರೆ ಏನು ಮಾಡುತ್ತೀರಿ ಎಂದು ಕೇಳಿದೆ, ಸರಿಯಾದ ಉತ್ತರ ಬರಲಿಲ್ಲ. ಎದ್ದು ಬಂದೆ. ಕಟ್ಟಿದ್ದ 25 ಸಾವಿರ ಅಡ್ವಾನ್ಸ್ ವಾಪಸ್ ಬರಲಿಲ್ಲ. ಆಮೇಲೆ ಹೊರರಾಜ್ಯದ ಒಬ್ಬ ಸರ್ಜನ್ ಸಿಕ್ಕರು. ಅವರು ಐದೂವರೆಗೆ ಮಾತ್ರ ಒಪ್ಪಿದರು. ಎರಡೂ ಕಾಲಿಗೆ, ಮಂಡಿಯಿಂದ ಕೆಳಗೆ ರಿಂಗು.

ಆಪರೇಷನ್ ಆಗಿ ಏಳನೇ ದಿನದಿಂದ ನಟ್ ತಿರುಗಿಸಲು ಶುರು. ಎಲ್ಲರಂತೆ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಸುತ್ತು, ಒಟ್ಟು 1 ಮಿಲಿಮೀಟರ್. ಹದಿನಾರು ದಿನ ಹಾಗೇ ನಡೆಯಿತು. ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳು ಜೋಮು ಹಿಡಿಯಿತು. ವಾಕರ್ ಹಿಡಿದು ನಿಂತರೆ ಹಿಮ್ಮಡಿ ನೆಲದಿಂದ ಎರಡು ಬೆರಳು ಮೇಲೆ. ನನ್ನ ಫಿಸಿಯೋ ತಮ್ಮ ಪೂರ್ತಿ ಬಲ ಹಾಕಿ ತಳ್ಳಿದರೂ ಇಳಿಯಲಿಲ್ಲ. ಸರ್ಜನ್‌ಗೆ ವಿಡಿಯೋ ಕಳಿಸಿದೆ. ಎರಡು ದಿನ ನಿಲ್ಲಿಸು ಎಂದರು. ನಾನು ದಿನಕ್ಕೆ ಮೂರು ಸಲಕ್ಕೆ, ಅಂದರೆ ಮುಕ್ಕಾಲು ಮಿಲಿಮೀಟರಿಗೆ, ಇಳಿಸಲು ಕೇಳಿದೆ. ಹತ್ತು ದಿನಕ್ಕೊಮ್ಮೆ ಎಕ್ಸ್‌ರೇ ಕಳಿಸಬೇಕೆಂಬ ಷರತ್ತಿನ ಮೇಲೆ ಒಪ್ಪಿದರು.

ಇದಕ್ಕೆ ಎಲ್ಲರೂ ಬೇಡ ಎಂದರು. ಇಲ್ಲೇ ಮೈಸೂರಲ್ಲಿ ತೋರಿಸಿದ ಇನ್ನೊಬ್ಬ ಡಾಕ್ಟರು, "ಮುಕ್ಕಾಲಕ್ಕೆ ಇಳಿಸಿದರೆ ಮೂಳೆ ನಡುವೆಯೇ ಕೂಡಿಕೊಂಡುಬಿಡುತ್ತೆ, ಮತ್ತೆ ಕತ್ತರಿಸಬೇಕಾಗುತ್ತೆ" ಎಂದರು. ಆ ಭಯ ಸುಳ್ಳಲ್ಲ. ಈ ರಿಂಗಿನ ವಿಧಾನ ಕಂಡುಹಿಡಿದ ಸೈಬೀರಿಯಾದ ಕುರ್ಗಾನಿನ ಇಲಿಜರೋವ್ ನಾಯಿಗಳ ಮೇಲೆ ನೋಡಿದ್ದೂ ಅದನ್ನೇ: ದಿನಕ್ಕೆ ಅರ್ಧ ಮಿಲಿಮೀಟರ್ ಆದರೆ ಬೇಗ ಕೂಡಿಕೊಳ್ಳುತ್ತದೆ, ಎರಡಾದರೆ ಮೂಳೆಯೇ ಸರಿಯಾಗಿ ಬರುವುದಿಲ್ಲ, ಒಂದು ಸರಿ. ಆದರೆ ಅರ್ಧಕ್ಕೂ ಒಂದಕ್ಕೂ ನಡುವೆ ಜಾಗ ಇದೆಯಲ್ಲ! ನಾನು ನಿಂತದ್ದು ಅಲ್ಲಿ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. 10ನೇ ನಂಬರ್ ಸ್ಪ್ಯಾನರ್ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು. ಪ್ರತಿ ನಟ್ಟಿನ ಒಂದು ಮುಖಕ್ಕೆ ತಂಗಿಯ ನೇಲ್ ಪಾಲಿಶ್ ಬಳಿದಿದ್ದೆ, ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ನಾಲ್ಕರ ಲೆಕ್ಕದಲ್ಲಿ 55 ದಿನಕ್ಕೆ ಮುಗಿಯಬೇಕಿದ್ದದ್ದು ನನಗೆ 80 ದಿನದ ಹತ್ತಿರ ಹಿಡಿಯಿತು. ಅದರಲ್ಲಿ ಒಂಬತ್ತು ದಿನ ಪೂರ್ತಿ ನಿಲ್ಲಿಸಿದ್ದೆವು. ಎಡಗಾಲಿನ ಎಕ್ಸ್‌ರೇಯಲ್ಲಿ ಸಂದಿ ಕಪ್ಪಾಗಿಯೇ ಇತ್ತು, ಹೊಸ ಮೂಳೆಯ ಬಿಳಿ ಎಳೆಗಳು ಕಾಣುತ್ತಿರಲಿಲ್ಲ. ಆ ಒಂಬತ್ತು ದಿನ ನನಗೆ ನಿದ್ದೆ ಬಂದಿಲ್ಲ. ಅವ್ವ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿರುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂತು, ತೀರಾ ಕಮ್ಮಿ. ಅದನ್ನು ಆಪರೇಷನ್‌ಗೆ ಮುಂಚೆಯೇ ನೋಡಿಸಬೇಕಿತ್ತು, ಅದು ನನ್ನದೇ ತಪ್ಪು. ವಾರಕ್ಕೊಂದು ಪುಡಿ ಬರೆದುಕೊಟ್ಟರು. ನೋವಿಗೆ ನಾನೇ ತಂದು ನುಂಗುತ್ತಿದ್ದ ಮಾತ್ರೆಗಳನ್ನು, ಮೂಳೆ ಕೂಡುವುದಕ್ಕೆ ಅಡ್ಡಿ ಎಂದು, ಬಿಡಿಸಿದರು. ಮುಂದಿನ ಎಕ್ಸ್‌ರೇಯಲ್ಲಿ ಮಂಜಿನಂತೆ ಬಿಳುಪು ಕಂಡಿತು.

ಈಗ ಹಿಮ್ಮಡಿ ಮೇಲೇಳದಂತೆ ರಾತ್ರಿ ಪಾದಕ್ಕೆ ಕಟ್ಟುತ್ತಿದ್ದ ಹಲಗೆಯ ವಿಷಯ. ಹಗಲು ಫಿಸಿಯೋ ಒಂದು ಗಂಟೆ ಎಳೆದದ್ದು ರಾತ್ರಿ ಎಂಟು ಗಂಟೆ ಮಲಗಿದರೆ ಮುದುಡಿಹೋಗುತ್ತದೆ. ಮಂಡ್ಯದಲ್ಲಿ ನಮಗೆ ಗೊತ್ತಿರುವ ಬಡಗಿ ಹತ್ತಿರ ಪ್ಲೈವುಡ್ಡಿನಲ್ಲಿ ಪಾದದ ಆಕಾರಕ್ಕೆ ಎರಡು ಹಲಗೆ ಕೊಯ್ಯಿಸಿದೆ, 350 ರೂಪಾಯಿ. ಮೇಲೆ ಹಳೇ ಹವಾಯಿ ಚಪ್ಪಲಿಯ ತಳ ಅಂಟಿಸಿ, ಬದಿಗೆ ತೂತು ಹಾಕಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಮೇಲಿನ ರಿಂಗಿಗೆ ಬಿಗಿದೆ. ಮೊದಲನೆಯ ಜೊತೆ ಮೂರೇ ರಾತ್ರಿಗೆ ಅಂಗಾಲಲ್ಲಿ ಬೊಬ್ಬೆ ಎಬ್ಬಿಸಿತು. ಎರಡನೆಯದರ ಟ್ಯೂಬು ನಡುರಾತ್ರಿ ಕಿತ್ತು ರಿಂಗಿಗೆ ಬಡಿದು ಮನೆಯವರೆಲ್ಲ ಎದ್ದರು. ಮೂರನೆಯದು ನಿಂತಿತು. ಅದರಲ್ಲಿ ಕಿರುಬೆರಳ ಕಡೆಯ ಪಟ್ಟಿಯನ್ನು ಕಟ್ಟುವ ಒಂದು ಬಗೆ ಇದೆ, ಪಾದ ಒಳಕ್ಕೆ ತಿರುಗದ ಹಾಗೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತಪ್ಪಿ ಕಟ್ಟಿದರೆ ನರ ಒತ್ತುತ್ತದೆ, ಕಾಲು ನೋಡಿಯೇ ತೋರಿಸಬೇಕು. ನನ್ನ ಫಿಸಿಯೋ ಈಗ ತಮ್ಮ ಬೇರೆ ರೋಗಿಗಳಿಗೂ ಅದೇ ಹಲಗೆ ಮಾಡಿಸುತ್ತಿದ್ದಾರೆ. ಆ ಖುಷಿ ನನಗೆ ಚಿಕ್ಕದಲ್ಲ. ಇನ್ನೊಂದು, ಮಂಡಿ ಕೆಳಗೆ ದಿಂಬು ಇಟ್ಟು ಮಲಗಲೇಬೇಡಿ. ಹಾಯಾಗಿರುತ್ತದೆ, ಆಮೇಲೆ ಮಂಡಿ ನೆಟ್ಟಗಾಗುವುದಿಲ್ಲ.

ರಿಂಗನ್ನು ಮೂಳೆಗೆ ಹಿಡಿದಿಡುವ ಪಿನ್ನು ಚರ್ಮದೊಳಕ್ಕೆ ಹೋಗುವ ಬುಡಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ನೋಡಿದ್ದೂ ಉಂಟು. ಅಜ್ಜಿ ಹೇಳಿದ್ದು. ಐದೇ ದಿನಕ್ಕೆ ಎರಡು ಪಿನ್ನು ಕೀವಾಯಿತು, ಆಂಟಿಬಯಾಟಿಕ್ಕಿಗೆ ನಾಲ್ಕು ಸಾವಿರ ಹೋಯಿತು. ಕುದಿಸಿ ಆರಿಸಿದ ಉಪ್ಪುನೀರು, ಶುದ್ಧ ಗಾಜ್, ಡಾಕ್ಟರು ಬರೆದ ಔಷಧಿ, ಅಷ್ಟೇ ಸಾಕು. ಕಾಲು ಸೂಪನ್ನು ಎರಡು ತಿಂಗಳು ಬಿಡದೆ ಕುಡಿದೆ. ಎಕ್ಸ್‌ರೇಯಲ್ಲಿ ಅದರಿಂದ ಏನೂ ವ್ಯತ್ಯಾಸ ಕಾಣಲಿಲ್ಲ, ನಾಲಿಗೆಗಂತೂ ಹಿತವಾಗಿತ್ತು. ಎತ್ತರವನ್ನು ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಅಳೆದು ಬರೆದಿಟ್ಟೆ. ಸಂಜೆಗೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಕಮ್ಮಿ ಬರುತ್ತದೆ, ಅದು ಯಾರ ಮೈಯಲ್ಲಾದರೂ ಹಾಗೆಯೇ. ಅಳೆದರೆ ಒಂದೇ ಹೊತ್ತಿನಲ್ಲಿ ಅಳೆಯಿರಿ.

ದುಡ್ಡು ನೆನಪಿದ್ದಷ್ಟು ಹೇಳುತ್ತೇನೆ. ಆಪರೇಷನ್, ರಿಂಗು, ಅಲ್ಲಿನ ವಾರ್ಡು ಸೇರಿ ಆರೂಮುಕ್ಕಾಲು ಲಕ್ಷ. ರಿಂಗು ತೆಗೆಸಲು 45 ಸಾವಿರ. ಓಡಾಟ, ರೂಮು 60 ಸಾವಿರ. ಫಿಸಿಯೋ ಸಲಕ್ಕೆ 500ರಂತೆ 70 ಸಲ ಬಂದಿರಬಹುದು. ಎಕ್ಸ್‌ರೇ, ಔಷಧಿ ಅರ್ಧ ಲಕ್ಷ. ಕೈಯಿಂದ ಹೋದದ್ದೇ ಒಂಬತ್ತು ಲಕ್ಷದ ಹತ್ತಿರ. ಒಂಬತ್ತು ತಿಂಗಳು ಸಂಬಳವಿಲ್ಲದ ರಜೆ, ಅದು ಎರಡೂವರೆ ಲಕ್ಷ ಬೇರೆ. ಐದು ಲಕ್ಷದ ಚೀಟಿಯನ್ನು ಕೂಗಿ ಎತ್ತಿದಾಗ ಕೈಗೆ ಬಂದದ್ದು 4 ಲಕ್ಷದ 10 ಸಾವಿರ. ಅವ್ವನ ಬಳೆ, ಸರ ಅಡವಿಟ್ಟು ಎರಡು ಲಕ್ಷ. ಉಳಿದದ್ದು ನಾನು ಕೂಡಿಟ್ಟದ್ದು. ಬಳೆ ಬಿಡಿಸಿಕೊಂಡಿದ್ದೇನೆ, ಸರ ಇನ್ನೂ ಬ್ಯಾಂಕಿನಲ್ಲೇ ಇದೆ. ಯಾರೂ ಹೇಳದ ಖರ್ಚು ಮನೆ ಬದಲಾಯಿಸಿದ್ದು. ಮೂರನೇ ಮಹಡಿ ಬಿಟ್ಟು ಕುವೆಂಪುನಗರದಲ್ಲಿ ನೆಲಮಹಡಿಗೆ ಬಂದೆ, ಅಡ್ವಾನ್ಸ್ ಹೆಚ್ಚು, ಬಾಡಿಗೆ ಹೆಚ್ಚು. ಪ್ಯಾಂಟುಗಳ ಪಕ್ಕ ಸೀಳಿಸಿ ವೆಲ್ಕ್ರೋ ಹಾಕಿಸಿದೆ. ಕೊನೆಗೆ ಲುಂಗಿಯೇ ಗತಿ ಎಂದಾಯಿತು.

ಅಪ್ಪನಿಗೆ ಧೈರ್ಯ ಬರಲಿ ಎಂದು ಬ್ರೂಮೆಲ್ ಕಥೆ ಹೇಳುತ್ತಿದ್ದೆ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದವನು, ಮರುವರ್ಷ ಬೈಕ್ ಅಪಘಾತದಲ್ಲಿ ಕಾಲು ನುಚ್ಚಾಯಿತು. ಎಷ್ಟು ಆಪರೇಷನ್ ಆದರೂ ಕೂಡದ ಮೂಳೆಯನ್ನು ಕೂಡಿಸಿದ್ದು ಇದೇ ಇಲಿಜರೋವ್. ಅವನು ಮತ್ತೆ ಎರಡು ಮೀಟರ್ ದಾಟಿ ಹಾರಿದ. ಅಪ್ಪ ಎಲ್ಲ ಕೇಳಿ, "ಅವ್ನ್ ಕಾಲು ಮುರುದಿತ್ತು ಕಣಪ್ಪಾ, ನಿಂದು ಚೆನ್ನಾಗೇ ಇತ್ತಲ್ಲ" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನೊಳಗಿನ ಮುರುಕು ಅವರಿಗೆ ಕಾಣುವಂಥದ್ದಲ್ಲ.

ಎಂಟೂವರೆ ತಿಂಗಳಿಗೆ ರಿಂಗು ತೆಗೆದರು. ಎರಡೂ ಹಿಮ್ಮಡಿ ನೆಲದ ಮೇಲಿದ್ದವು. ಹದಿನಾಲ್ಕನೇ ತಿಂಗಳಲ್ಲಿ ಹಿಮ್ಮಡಿ ಏಳದೆ ಕುಕ್ಕರುಗಾಲಲ್ಲಿ ಕೂತೆ. ಎಡಗಾಲು ಚಳಿಗಾಲದ ಬೆಳಗ್ಗೆ ಈಗಲೂ ಸ್ವಲ್ಪ ಬಿಗಿಯುತ್ತದೆ, ಹತ್ತು ನಿಮಿಷ ಎಳೆದರೆ ಸರಿಹೋಗುತ್ತದೆ.

ನನ್ನ ಸ್ಪ್ಯಾನರ್, ಮೂರನೇ ಹಲಗೆಯ ಅಳತೆ ಎರಡೂ ಈಗ ಮದ್ದೂರಿನ ಕಡೆಯ ಒಬ್ಬ ಹುಡುಗನ ಹತ್ತಿರ ಇವೆ. ಅವನ ಸರ್ಜನ್ ಕೂಡ ಎಕ್ಸ್‌ರೇ ನೋಡಿ ಮೂರಕ್ಕೆ ಒಪ್ಪಿದ್ದಾರೆ. ಇವತ್ತಿಗೆ ಅವನಿಗೆ ಇಪ್ಪತ್ತೆರಡನೇ ದಿನ, ಹಿಮ್ಮಡಿ ಕೆಳಗೇ ಇದೆ.