ಸಂಜೆ ಏಳಕ್ಕೆ ಮಲಗುತ್ತಿದ್ದ ನಮ್ಮ ಯಕ್ಷಗಾನ ವೆಬ್‌ಸೈಟ್: ನನ್ನ ಅನುಭವ

ಸೈಟ್ ಸ್ಲೋ ಆಗುವುದು ಬೇರೆ, ಪೂರ್ತಿ ಬಿದ್ದುಹೋಗುವುದು ಬೇರೆ ಅಂತ ಹೆಚ್ಚಿನವರು ತಿಳಿದುಕೊಂಡಿರುತ್ತಾರೆ. ನಾನು ಕಂಡ ಹಾಗೆ ಎರಡೂ ಒಂದೇ. ಇವತ್ತು ನಾಲ್ಕು ಸೆಕೆಂಡು ತಡವಾಗುವ ಪುಟವೇ ನಾಳೆ ಜನ ಜಾಸ್ತಿಯಾದ ಕೂಡಲೇ ಇಡೀ ಸೈಟನ್ನು ನಿಲ್ಲಿಸುತ್ತದೆ. ಅದಕ್ಕೇ ‘ಸ್ವಲ್ಪ ಸ್ಲೋ, ಪರವಾಗಿಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಸಮಾಧಾನವೇ ಇರುವುದಿಲ್ಲ.

ನಾನಿರುವುದು ಉಡುಪಿಯಲ್ಲಿ. ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಅದರಾಚೆಗೆ, ಗೆಳೆಯರು ಸೇರಿ ನಡೆಸುವ ಒಂದು ಯಕ್ಷಗಾನ ವೆಬ್‌ಸೈಟಿನ ತಾಂತ್ರಿಕ ಕೆಲಸವೂ ನನ್ನ ಪಾಲಿಗೆ ಬಂತು. ಇವತ್ತು ಯಾವ ಮೇಳದ ಆಟ ಎಲ್ಲಿ, ಪ್ರಸಂಗ ಯಾವುದು, ಎಷ್ಟು ಗಂಟೆಗೆ ಶುರು, ಇಷ್ಟೇ ಅದರಲ್ಲಿರುವುದು. ಧರ್ಮಸ್ಥಳ, ಕಟೀಲು, ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ, ಪೆರ್ಡೂರು ಹೀಗೆ ತೆಂಕು, ಬಡಗು ಎರಡೂ ತಿಟ್ಟಿನ (ಶೈಲಿಯ) ಮೇಳಗಳು. ನವೆಂಬರ್ ಹೊತ್ತಿಗೆ ತಿರುಗಾಟ ಶುರುವಾದರೆ ಮೇ ಕೊನೆಯ ಪತ್ತನಾಜೆಯವರೆಗೆ (ಮೇಳಗಳು ತಿರುಗಾಟ ಮುಗಿಸುವ ದಿನ) ಸೈಟಿಗೆ ಬಿಡುವಿಲ್ಲ. ಹಗಲಿಡೀ ಒಬ್ಬಿಬ್ಬರು ಬಂದು ಹೋಗುತ್ತಾರೆ. ಸಂಜೆ ಆರರಿಂದ ಎಂಟರವರೆಗೆ ಮಾತ್ರ ಎಲ್ಲರೂ ಒಟ್ಟಿಗೆ. ಊರಲ್ಲಿದ್ದವರು ಹೊರಡಲಿಕ್ಕೆ, ಮುಂಬೈ, ದುಬೈಯಲ್ಲಿದ್ದವರು ಸುಮ್ನೆ ಒಮ್ಮೆ ನೋಡಲಿಕ್ಕೆ.

ಆ ಹೊತ್ತಿಗೇ ಫೋನ್ ಬರುತ್ತಿತ್ತು. “ಎಂಥ ಮಾರಾಯ್ರೆ, ಇವತ್ತಿನ ಆಟ ಎಲ್ಲಿ ಅಂತ ನೋಡ್ಲಿಕ್ಕೆ ಹೋದ್ರೆ ಬರೀ ತಿರುಗ್ತಾ ಉಂಟು!”

ಮೊದಲು ನೋಡಿಕೊಳ್ಳುತ್ತಿದ್ದವರು ಇದಕ್ಕೆ ಒಂದು ಮದ್ದು ಕಂಡುಕೊಂಡಿದ್ದರು: ರೀಸ್ಟಾರ್ಟ್. ಮಾಡಿದ ಕೂಡಲೇ ಸೈಟ್ ಏಳುತ್ತದೆ, ನಿಜ. ಆದರೆ ಯಾಕೆ ಬಿತ್ತು ಅನ್ನುವ ಸಾಕ್ಷಿಯೆಲ್ಲ ಅದರೊಂದಿಗೇ ಹೋಗುತ್ತದೆ. ನಾನು ಮಾಡಿದ ಮೊದಲ ಕೆಲಸ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದದ್ದು. ಪ್ರತಿ ನಿಮಿಷಕ್ಕೊಮ್ಮೆ ಲೋಡ್ (ಸರ್ವರಿನ ಮೇಲಿನ ಕೆಲಸದ ಹೊರೆ) ಎಷ್ಟು, ಮೆಮೊರಿ ಎಷ್ಟು ಉಳಿದಿದೆ, ಡಿಸ್ಕ್ ಎಷ್ಟು ತುಂಬಿದೆ, ನಮ್ಮ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನಲ್ಲಿ ಆ ಕ್ಷಣ ಯಾವ ಕ್ವೆರಿಗಳು (ಮಾಹಿತಿ ಕೇಳುವ, ಬದಲಿಸುವ ಆದೇಶಗಳು) ಓಡುತ್ತಿವೆ, ಇಷ್ಟನ್ನೂ ಒಂದು ಫೈಲಿಗೆ ಬರೆದಿಡುತ್ತದೆ. ಜೊತೆಗೆ, ನೋಡುವವರ ಕೋರಿಕೆಯನ್ನು ಮೊದಲು ಪಡೆಯುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಲಾಗಿನಲ್ಲಿ (ದಾಖಲೆ ಫೈಲಿನಲ್ಲಿ) ಎರಡು ಸಮಯ ಬರುವ ಹಾಗೆ ಮಾಡಿದೆ. ಒಂದು, ಒಟ್ಟು ಪುಟಕ್ಕೆ ಹಿಡಿದ ಸಮಯ. ಇನ್ನೊಂದು, ಅದರಲ್ಲಿ ಎಂಜಿನ್‌ಎಕ್ಸ್‌ನ ಹಿಂದೆ ಕೂತು ಪುಟ ತಯಾರಿಸುವ ಪಿಎಚ್‌ಪಿ ತೆಗೆದುಕೊಂಡ ಸಮಯ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ತಪ್ಪು ನಮ್ಮ ಕೋಡಿನಲ್ಲಿ ಇಲ್ಲವೇ ಡೇಟಾಬೇಸಿನಲ್ಲಿ. ಒಟ್ಟು ಸಮಯ ಮಾತ್ರ ಜಾಸ್ತಿ ಇದ್ದರೆ ನೋಡುವವರ ನೆಟ್‌ವರ್ಕ್ ನಿಧಾನ, ಅಥವಾ ನಾವು ಕಳಿಸುವ ಪುಟವೇ ದೊಡ್ಡದು.

ದೂರು ಹೇಳುವವರಲ್ಲಿ ನಾನು ಕೇಳುವುದು ಒಂದೇ: ಪರದೆಯಲ್ಲಿ ಯಾವ ನಂಬರ್ ಬಂತು? ಸ್ಕ್ರೀನ್‌ಶಾಟ್ ಕಳಿಸಿದರೆ ಇನ್ನೂ ಒಳ್ಳೆಯದು. 504 ಬಂದರೆ ಎಂಜಿನ್‌ಎಕ್ಸ್ ಕಾದು ಕಾದು ಕೈಬಿಟ್ಟಿದೆ, ಬೇರೆ ಹೇಳದಿದ್ದರೆ ಅದು ಕಾಯುವುದು 60 ಸೆಕೆಂಡು. 502 ಬಂದರೆ ಹಿಂದಿನ ಪಿಎಚ್‌ಪಿ ಸತ್ತಿದೆ ಇಲ್ಲವೇ ಸರಿಯಾದ ಉತ್ತರ ಕೊಡಲಿಲ್ಲ. ನಂಬರೇ ಇಲ್ಲದೆ ಬ್ರೌಸರೇ ‘ತಲುಪಲಾಗಲಿಲ್ಲ’ ಅಂದರೆ ಸರ್ವರ್‌ವರೆಗೆ ದಾರಿಯೇ ಇಲ್ಲ. ನಮಗೆ ಬರುತ್ತಿದ್ದದ್ದು ಹೆಚ್ಚಾಗಿ 504. ನಡುನಡುವೆ ‘ಡೇಟಾಬೇಸ್ ಸಂಪರ್ಕ ಸಿಗಲಿಲ್ಲ’ ಅನ್ನುವ ನಮ್ಮದೇ ಎರರ್ ಪುಟ.

ಎರಡನೆಯದರ ಕಾರಣ ಬೇಗ ಸಿಕ್ಕಿತು. ಸರ್ವರಿನ ಆಪರೇಟಿಂಗ್ ಸಿಸ್ಟಮ್ ಲಿನಕ್ಸಿನ ತಿರುಳಾದ ಕರ್ನಲ್‌ನ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಅಂತ ಸಾಲುಗಳಿದ್ದವು. ಮೆಮೊರಿ ಪೂರ್ತಿ ಮುಗಿದರೆ ಕರ್ನಲ್ ಯಾವುದಾದರೂ ಒಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಅದರ ಕಣ್ಣು ಬೀಳುವುದು ಎಲ್ಲಕ್ಕಿಂತ ಜಾಸ್ತಿ ಮೆಮೊರಿ ತಿನ್ನುವುದರ ಮೇಲೆ. ನಮ್ಮಲ್ಲಿ ಅದು ಮೈಎಸ್‌ಕ್ಯೂಎಲ್. ಮೆಮೊರಿ ಮುಗಿದದ್ದು ಯಾಕೆ? ಪಿಎಚ್‌ಪಿ ಕೆಲಸಗಾರರ (ಒಂದು ಸಲಕ್ಕೆ ಒಂದು ಪುಟ ತಯಾರಿಸುವ ಪ್ರಕ್ರಿಯೆಗಳ) ಗರಿಷ್ಠ ಸಂಖ್ಯೆ ಮೂಲದಲ್ಲಿ 5 ಇರುತ್ತದೆ. ಸೈಟ್ ಸ್ಲೋ ಆದಾಗ ಯಾರೋ ಅದನ್ನು 50 ಮಾಡಿದ್ದರು. ನಮ್ಮ ಒಬ್ಬೊಬ್ಬ ಕೆಲಸಗಾರನಿಗೆ ಸುಮಾರು 50 ಎಂಬಿ ಬೇಕು. 50 ಮಂದಿಗೆ 2,500 ಎಂಬಿ. ಯಂತ್ರದಲ್ಲಿ ಇದ್ದದ್ದೇ 2 ಜಿಬಿ, ಅದರಲ್ಲೇ ಡೇಟಾಬೇಸ್ ಕೂಡ. ಲೆಕ್ಕ ಹಾಕಿದರೆ ಬೀಳದೆ ಏನಾಗುತ್ತದೆ, ಅಲ್ವಾ? ನಾನು ಅದನ್ನು 16ಕ್ಕೆ ಇಳಿಸಿದೆ. ಮೈಎಸ್‌ಕ್ಯೂಎಲ್ ಸಾಯುವುದು ನಿಂತಿತು. 504 ನಿಲ್ಲಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಯಾಕೆಂದರೆ ನನ್ನ ಇಡೀ ವಾದ ನಿಂತಿರುವುದು ಅದರ ಮೇಲೆ. ದೇವಸ್ಥಾನದ ಊಟದಲ್ಲಿ 16 ಎಲೆ ಹಾಕಿದ ಪಂಕ್ತಿ ಇದೆ ಅಂದುಕೊಳ್ಳಿ. ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರಿಗೆ ಜಾಗ. ಒಂದು ಪುಟಕ್ಕೆ 0.2 ಸೆಕೆಂಡು ಸಾಕಾದರೆ 16 ಕೆಲಸಗಾರರು ಸೆಕೆಂಡಿಗೆ 80 ಪುಟ ಕೊಡಬಹುದು. ಅದೇ ಪುಟಕ್ಕೆ 4 ಸೆಕೆಂಡು ಹಿಡಿದರೆ ಸೆಕೆಂಡಿಗೆ ಬರೀ 4. ಸೆಕೆಂಡಿಗೆ 10 ಮಂದಿ ಬರುತ್ತಿದ್ದರೆ ಪ್ರತಿ ಸೆಕೆಂಡೂ 6 ಮಂದಿ ಹೊರಗೆ ಉಳಿಯುತ್ತಾರೆ, ಸಾಲು ಬೆಳೆಯುತ್ತಲೇ ಹೋಗುತ್ತದೆ. ಕಾದು ಬೇಜಾರಾದವರು ರಿಫ್ರೆಶ್ ಒತ್ತುತ್ತಾರೆ. ಸಾಲು ಇನ್ನೂ ಉದ್ದ. ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಲಿಟಲ್ಸ್ ಲಾ ಹೇಳುವುದೂ ಇದನ್ನೇ: ಒಳಗಿರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಬ್ಬರು ಒಳಗೆ ಕಳೆಯುವ ಸಮಯ. ಬರುವ ಜನರನ್ನು ನಾವು ತಡೆಯುವುದಿಲ್ಲ, ತಡೆಯಲೂ ಬಾರದು. ಹಾಗಾದರೆ ನಮ್ಮ ಕೈಯಲ್ಲಿ ಇರುವುದು ಆ ಸಮಯ ಮಾತ್ರ.

ಸಮಯ ಎಲ್ಲಿ ಹೋಗುತ್ತಿದೆ ಅಂತ ತಿಳಿಯಲು ಮೈಎಸ್‌ಕ್ಯೂಎಲ್‌ನ ಸ್ಲೋ ಕ್ವೆರಿ ಲಾಗ್ ಆನ್ ಮಾಡಿದೆ. ತಾನಾಗಿ ಅದು ಆಫ್ ಇರುತ್ತದೆ. ಆನ್ ಮಾಡಿದರೂ 10 ಸೆಕೆಂಡು ದಾಟಿದ್ದನ್ನು ಮಾತ್ರ ಬರೆಯುತ್ತದೆ. 10 ಸೆಕೆಂಡು ತುಂಬಾ ಜಾಸ್ತಿ. ನಾನು ಅರ್ಧ ಸೆಕೆಂಡಿಗೆ ಇಳಿಸಿದೆ. ಮೊದಲ ಪುಟದ ‘ಇಂದಿನ ಆಟ’ ಕ್ವೆರಿಯೇ ಸಾಲುಸಾಲಾಗಿ ಬಂತು. ಆಟ ಶುರುವಾಗುವ ಸಮಯದ ಕಾಲಮ್ಮಿಗೆ ಡೇಟ್ ಫಂಕ್ಷನ್ ಹಾಕಿ, ಅದು ಇವತ್ತಿನ ತಾರೀಕಿಗೆ ಸಮವೇ ಅಂತ ಕೇಳಿದ್ದರು. ಕಾಲಮ್ಮಿಗೆ ಇಂಡೆಕ್ಸ್ (ಬೇಕಾದ ಸಾಲನ್ನು ಬೇಗ ಹುಡುಕಿಕೊಡುವ ಸೂಚಿ) ಇತ್ತು, ಆದರೆ ಕಾಲಮನ್ನು ಫಂಕ್ಷನ್ನಿನ ಒಳಗೆ ಹಾಕಿದರೆ ಆ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಆದೇಶ ಕೊಟ್ಟು ನೋಡಿದರೆ ಟೈಪ್ ಜಾಗದಲ್ಲಿ ‘ಆಲ್’ ಅಂತ ಇತ್ತು. ಅಂದರೆ ಇಷ್ಟು ವರ್ಷದ ಅಷ್ಟೂ ಆಟಗಳನ್ನು ಒಂದೊಂದಾಗಿ ಓದುತ್ತಿದೆ. ‘ಇವತ್ತು ಮಧ್ಯರಾತ್ರಿಯಿಂದ, ನಾಳೆ ಮಧ್ಯರಾತ್ರಿಗಿಂತ ಮೊದಲು’ ಅಂತ ಬದಲಿಸಿ ಬರೆದ ಕೂಡಲೇ ಆ ಕ್ವೆರಿ ಲಾಗಿನಿಂದ ಮಾಯವಾಯಿತು. ಈ ಭಾಗ ಸುಲಭ. ಹೆಚ್ಚಿನ ಸೈಟುಗಳಲ್ಲಿ ಇದೊಂದನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯುತ್ತದೆ.

ಕಷ್ಟದ್ದು ಇನ್ನೊಂದಿತ್ತು. ಏಪ್ರಿಲ್, ಮೇ ತಿಂಗಳಲ್ಲಿ, ಅದೂ ಸಂಜೆ ಮೋಡ ಕಟ್ಟಿದ ದಿನ ಮಾತ್ರ ಸೈಟ್ ಪೂರ್ತಿ ನಿಲ್ಲುತ್ತಿತ್ತು. ಮಳೆ ಬಂದರೆ ಆಟ ಉಂಟೋ ಇಲ್ಲವೋ ಅಂತ ಜನ ಜಾಸ್ತಿ ನೋಡುತ್ತಾರೆ, ಅದಕ್ಕೇ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ನನ್ನ ಸ್ಕ್ರಿಪ್ಟ್ ಬರೆದಿಟ್ಟ ಫೈಲ್ ನೋಡಿದರೆ, ಸೈಟ್ ನಿಂತ ಹೊತ್ತಿನಲ್ಲಿ ಸಿಪಿಯು ಖಾಲಿ ಕೂತಿದೆ! ಲೋಡ್ ಒಂದಕ್ಕಿಂತಲೂ ಕಡಿಮೆ. ಮೆಮೊರಿ ಬೇಕಾದಷ್ಟಿದೆ. ಡಿಸ್ಕ್ ಸುಮ್ಮನಿದೆ. ಯಾರೂ ಕೆಲಸ ಮಾಡುತ್ತಿಲ್ಲ, ಎಲ್ಲರೂ ಏನನ್ನೋ ಕಾಯುತ್ತಿದ್ದಾರೆ. ದೊಡ್ಡ ಸರ್ವರ್ ತೆಗೆದುಕೊಳ್ಳೋಣ ಅಂತ ಹಣ ಒಟ್ಟುಮಾಡುವ ಮಾತು ಆಗಲೇ ನಡೆದಿತ್ತು. ಖಾಲಿ ಕೂತ ಸಿಪಿಯು ತೋರಿಸಿ ಅದನ್ನು ನಿಲ್ಲಿಸಿದೆ.

ಅದೇ ಹೊತ್ತಿನ ಪ್ರೊಸೆಸ್ ಲಿಸ್ಟ್ (ಡೇಟಾಬೇಸಿನಲ್ಲಿ ಓಡುತ್ತಿದ್ದ ಕ್ವೆರಿಗಳ ಪಟ್ಟಿ) ತೆಗೆದೆ. ಒಂದರ ಕೆಳಗೊಂದು ಒಂದೇ ಸಾಲು: ‘ಆಟಗಳು’ ಟೇಬಲ್ಲಿನಲ್ಲಿ ಒಂದು ಆಟದ ವೀಕ್ಷಣೆ ಸಂಖ್ಯೆಯನ್ನು ಒಂದು ಹೆಚ್ಚಿಸು. ಎಲ್ಲದರಲ್ಲೂ ಅದೇ ಆಟದ ನಂಬರ್. ಪುಟ ತೆರೆದವರನ್ನು ಎಣಿಸಲು ಇಟ್ಟಿದ್ದ ಸಣ್ಣ ಕೌಂಟರ್ ಅದು. ಮೈಎಸ್‌ಕ್ಯೂಎಲ್ ಒಳಗೆ ಮಾಹಿತಿ ಕಾಯ್ದಿಡುವ ಇನ್ನೋಡಿಬಿಯಲ್ಲಿ ಒಬ್ಬರು ಒಂದು ಸಾಲನ್ನು ಬದಲಿಸಲು ಹಿಡಿದರೆ, ಅವರು ಕಮಿಟ್ ಮಾಡುವವರೆಗೆ (ಬದಲಾವಣೆ ಖಾಯಂ ಮಾಡುವವರೆಗೆ) ಆ ಸಾಲನ್ನು ಬದಲಿಸಲು ಬಂದ ಬೇರೆಯವರು ಕಾಯಬೇಕು. ಒಂದು ಹೆಚ್ಚಿಸಲು ಮಿಲಿಸೆಕೆಂಡು ಸಾಕು. ಹಾಗಾದರೆ ಇಷ್ಟು ಹೊತ್ತು ಹಿಡಿದುಕೊಂಡಿರುವುದು ಯಾರು?

ಕೋಡ್ ತೆರೆದು ಮೇಲಿನಿಂದ ಓದುತ್ತಾ ಬಂದೆ. ಟ್ರಾನ್ಸಾಕ್ಷನ್ (ಕಮಿಟ್‌ವರೆಗೆ ಒಂದೇ ಕಟ್ಟಾಗಿ ನಡೆಯುವ ಕೆಲಸ) ಶುರು. ಕೌಂಟರ್ ಹೆಚ್ಚಿಸು. ಆಟದ ವಿವರ ತೆಗೆ. ಆಮೇಲೆ, ಆ ಊರಿನ ಹವಾಮಾನ ಎಷ್ಟು ಅಂತ ಹೊರಗಿನ ಒಂದು ಸೇವೆಯನ್ನು ಕೇಳು. ಉತ್ತರ ಬಂದ ಮೇಲೆ ಕಮಿಟ್. ‘ಮಳೆ ಬರುವ ಸಾಧ್ಯತೆ’ ಅಂತ ಪುಟದ ಮೂಲೆಯಲ್ಲಿ ತೋರಿಸುವ ಒಂದು ಸಾಲಿಗಾಗಿ ಇದೆಲ್ಲ. ಮೋಡ ಕಟ್ಟಿದ ಸಂಜೆ ಆ ಸೇವೆಯನ್ನು ಕೇಳುವವರೂ ಜಾಸ್ತಿ ಇರಬೇಕು, ಉತ್ತರ ಬರಲು ಮೂರು ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಆ ಆಟದ ಸಾಲಿಗೆ ಬೀಗ. ಮೊದಲನೆಯವರಿಗೆ 4 ಸೆಕೆಂಡು, ಎರಡನೆಯವರಿಗೆ 8, ಮೂರನೆಯವರಿಗೆ 12. ಹದಿನಾರು ಕೆಲಸಗಾರರೂ ಒಂದೇ ಜನಪ್ರಿಯ ಆಟದ ಪುಟಕ್ಕೆ ಸಿಕ್ಕಿಹಾಕಿಕೊಂಡರೆ, ಬೇರೆ ಮೇಳದ ಪುಟ ಕೇಳಿದವರಿಗೂ ಜಾಗವಿಲ್ಲ. ಒಂದು ಆಟಕ್ಕಾಗಿ ಇಡೀ ಸೈಟ್ ನಿಂತಿತು.

ಪಿಎಚ್‌ಪಿಯ 30 ಸೆಕೆಂಡಿನ ಮಿತಿ ಇದನ್ನು ಯಾಕೆ ನಿಲ್ಲಿಸಲಿಲ್ಲ ಅಂತ ಗೆಳೆಯರು ಕೇಳಿದರು. ಒಳ್ಳೆಯ ಪ್ರಶ್ನೆ. ಲಿನಕ್ಸಿನಲ್ಲಿ ಆ ಮಿತಿ ಎಣಿಸುವುದು ಪಿಎಚ್‌ಪಿ ತಾನೇ ಓಡಿದ ಸಮಯವನ್ನು ಮಾತ್ರ. ಡೇಟಾಬೇಸಿಗೆ, ನೆಟ್‌ವರ್ಕಿಗೆ ಕಾದ ಸಮಯ ಅದರಲ್ಲಿ ಸೇರುವುದಿಲ್ಲ. ಇನ್ನೋಡಿಬಿಯೂ ಬೀಗಕ್ಕಾಗಿ 50 ಸೆಕೆಂಡು ಕಾಯುತ್ತದೆ. ಹಾಗಾಗಿ ಯಾರೂ ಯಾರನ್ನೂ ತಡೆಯಲಿಲ್ಲ.

ಸರಿ ಮಾಡಿದ್ದು ಹೀಗೆ. ಹವಾಮಾನ ಕೇಳುವ ಕೆಲಸವನ್ನು ಪುಟದಿಂದಲೇ ತೆಗೆದೆ. ಅರ್ಧ ಗಂಟೆಗೊಮ್ಮೆ ಒಂದು ಕ್ರಾನ್ ಕೆಲಸ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಪ್ರೋಗ್ರಾಮ್) ಇವತ್ತು ಆಟ ಇರುವ ಊರುಗಳಿಗೆ ಮಾತ್ರ ಕೇಳಿ ಟೇಬಲ್ಲಿಗೆ ಬರೆದಿಡುತ್ತದೆ, ಎರಡು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಬಿಟ್ಟುಬಿಡುತ್ತದೆ. ಪುಟ ಆ ಟೇಬಲನ್ನು ಓದುತ್ತದೆ ಅಷ್ಟೆ. ಕೌಂಟರ್ ತೆಗೆದುಹಾಕಿ ಅಂದರೆ ಆಟ ಆಡಿಸುವವರು ಒಪ್ಪಲಿಲ್ಲ. ತಮ್ಮ ಹರಕೆ ಆಟದ ಪುಟವನ್ನು ಎಷ್ಟು ಮಂದಿ ನೋಡಿದರು ಅಂತ ಅವರಿಗೆ ಪ್ರೀತಿಯ ಕುತೂಹಲ, ಅದು ಸಹಜ. ಈಗ ರಾತ್ರಿ ಎಂಜಿನ್‌ಎಕ್ಸ್ ಲಾಗಿನಿಂದಲೇ ಎಣಿಸಿ ಒಂದೇ ಸಲ ಬರೆಯುತ್ತೇವೆ. ಲೆಕ್ಕ ಬೆಳಿಗ್ಗೆ ಸಿಗುತ್ತದೆ, ಯಾರ ತಕರಾರೂ ಇಲ್ಲ.

ಇದರ ಮೇಲೆ ಒಂದು ನಿಮಿಷದ ಕ್ಯಾಶ್ ಇಟ್ಟೆ, ಅಂದರೆ ತಯಾರಾದ ಪುಟದ ನಕಲನ್ನೇ ಒಂದು ನಿಮಿಷ ಎಲ್ಲರಿಗೂ ಕೊಡುವುದು. ಆಟದ ಜಾಗ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲವಲ್ಲ. ಇಲ್ಲಿ ಎರಡು ಎಚ್ಚರ ಬೇಕು. ಕ್ಯಾಶ್ ಅವಧಿ ಮುಗಿದ ಕ್ಷಣ ಎಲ್ಲರೂ ಒಟ್ಟಿಗೆ ಹಿಂದಿರುವ ಪಿಎಚ್‌ಪಿಗೆ ನುಗ್ಗಬಾರದು. ಒಬ್ಬರು ಹೊಸದನ್ನು ತರುವವರೆಗೆ ಉಳಿದವರಿಗೆ ಹಳೆಯ ಪುಟವನ್ನೇ ಕೊಡು ಅನ್ನುವ ಸೆಟ್ಟಿಂಗ್ ಎಂಜಿನ್‌ಎಕ್ಸ್‌ನಲ್ಲೇ ಇದೆ. ಇನ್ನೊಂದು, ಲಾಗಿನ್ ಆಗಿ ವಿವರ ತುಂಬುವವರ ಪುಟವನ್ನು ಯಾವ ಕಾರಣಕ್ಕೂ ಕ್ಯಾಶ್ ಮಾಡಬಾರದು. ಒಬ್ಬರ ಖಾಸಗಿ ಪುಟ ಇನ್ನೊಬ್ಬರಿಗೆ ಹೋದರೆ ಸೈಟ್ ಸ್ಲೋ ಇರುವುದಕ್ಕಿಂತ ಅದು ದೊಡ್ಡ ಅನಾಹುತ.

ಲಾಗ್ ನೋಡುವಾಗ ಇನ್ನೊಂದು ಕಣ್ಣಿಗೆ ಬಿತ್ತು. ನಮ್ಮ ಕ್ಯಾಲೆಂಡರಿನಲ್ಲಿ ‘ಮುಂದಿನ ತಿಂಗಳು’ ಅನ್ನುವ ಲಿಂಕ್ ಇದೆ. ಅದಕ್ಕೆ ಕೊನೆಯೇ ಇರಲಿಲ್ಲ. ಮನುಷ್ಯರು ಒಂದೆರಡು ಸಲ ಒತ್ತಿ ಬಿಡುತ್ತಾರೆ. ಬಾಟ್‌ಗಳು (ತಾನಾಗಿ ಪುಟಗಳನ್ನು ಓದುವ ಪ್ರೋಗ್ರಾಮ್‌ಗಳು) ಬಿಡುವುದಿಲ್ಲ. 2090ರ ಆಟಗಳನ್ನು ಹುಡುಕುತ್ತಾ ಹೋಗುತ್ತಿದ್ದವು. ಈ ತಿರುಗಾಟ ಮುಗಿಯುವಲ್ಲಿಗೆ ಲಿಂಕ್ ನಿಲ್ಲಿಸಿದೆ, ಅದರಾಚೆ 404 (ಪುಟ ಇಲ್ಲ). ಅತಿಯಾಗಿ ಕೇಳುವವರಿಗೆ 429 (ಕೋರಿಕೆ ಜಾಸ್ತಿಯಾಯಿತು) ಕೊಟ್ಟು ತಡೆಯುವ ಮಿತಿಯನ್ನೂ ಹಾಕಿದೆ. ಮಿತಿ ಹಾಕುವಾಗ ಕೈ ಬಿಗಿ ಮಾಡಬೇಡಿ. ಮೊಬೈಲ್ ಡೇಟಾದಲ್ಲಿ ಸಾವಿರಾರು ಮಂದಿ ಒಂದೇ ಐಪಿ ವಿಳಾಸದ ಹಿಂದೆ ಇರಬಹುದು. ಬಾಟ್ ಅಂತ ತಿಳಿದು ಅರ್ಧ ಕುಂದಾಪುರವನ್ನೇ ಹೊರಗೆ ಹಾಕಿದ ಹಾಗಾಗಬಾರದು.

ಕನ್ನಡದ ಸೈಟ್ ನಡೆಸುವವರಿಗಾಗಿ ಒಂದು ಮಾತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆ 3 ಬೈಟ್. ‘ಯಕ್ಷಗಾನ’ ಅಂದರೆ 21 ಬೈಟ್. ಪಿಎಚ್‌ಪಿಯಲ್ಲಿ ಮಾಹಿತಿಯನ್ನು ಜೇಸನ್ ರೂಪಕ್ಕೆ ತರುವಾಗ ಏನೂ ಹೇಳದಿದ್ದರೆ ಅದು ಒಂದೊಂದನ್ನೂ ಎಸ್ಕೇಪ್ ಮಾಡಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ ಬರೆದು) 6 ಬೈಟ್ ಮಾಡುತ್ತದೆ, ಅದೇ ಪದ 42 ಬೈಟ್. ಯೂನಿಕೋಡನ್ನು ಹಾಗೇ ಬಿಡು ಅನ್ನುವ ಆಯ್ಕೆ ಇದೆ, ಅದನ್ನು ಹಾಕಿ. ಕಳಿಸುವ ಪುಟವನ್ನು ಕುಗ್ಗಿಸುವ ಜಿಜಿಪ್ ಆನ್ ಇದ್ದರೂ ಎಂಜಿನ್‌ಎಕ್ಸ್ ತಾನಾಗಿ ಕುಗ್ಗಿಸುವುದು ಎಚ್‌ಟಿಎಂಎಲ್ ಮಾತ್ರ. ಜೇಸನ್, ಸಿಎಸ್‌ಎಸ್ ಇವನ್ನು ನಾವೇ ಪಟ್ಟಿಗೆ ಸೇರಿಸಬೇಕು. ಗುಡ್ಡದ ಬದಿಯ ಊರಲ್ಲಿ ಸಿಗ್ನಲ್ ಒಂದು ಕಡ್ಡಿ ಇರುವಾಗ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆಟದ ಪೋಸ್ಟರ್‌ಗಳನ್ನೂ ಸಣ್ಣದು ಮಾಡಿ ಕಡಿಮೆ ಗಾತ್ರದ ವೆಬ್‌ಪಿ ಚಿತ್ರರೂಪಕ್ಕೆ ತಂದೆವು.

ಡಿಸ್ಕ್ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ಮೈಎಸ್‌ಕ್ಯೂಎಲ್ 8ರಲ್ಲಿ ಬೈನರಿ ಲಾಗ್ (ಡೇಟಾಬೇಸಿನ ಬದಲಾವಣೆಗಳ ದಾಖಲೆ) ತಾನಾಗಿ 30 ದಿನ ಉಳಿಯುತ್ತದೆ. ಸಣ್ಣ ಡಿಸ್ಕ್ ಇದ್ದವರು ಅದನ್ನೊಮ್ಮೆ ನೋಡಿಕೊಳ್ಳಿ.

ಈಗ ಸೈಟ್ ಸರಿ ಇದೆಯೇ ಅಂತ ಹೊರಗಿನ ಇನ್ನೊಂದು ಯಂತ್ರ ನಿಮಿಷಕ್ಕೊಮ್ಮೆ ನೋಡುತ್ತದೆ. ‘ಸರಿ ಇದೆ’ ಅನ್ನುವ ನಂಬರ್ 200 ಬಂದರೆ ಸಾಲದು, ಖಾಲಿ ಪುಟಕ್ಕೂ 200 ಬರುತ್ತದೆ. ಪುಟದಲ್ಲಿ ‘ಇಂದಿನ ಆಟ’ ಅನ್ನುವ ಪದ ಇರಬೇಕು, ಅದೂ ಒಂದು ಸೆಕೆಂಡಿನೊಳಗೆ ಬರಬೇಕು. ಇಲ್ಲದಿದ್ದರೆ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಸೈಟಿನ ಒಂದು ನಕಲು ಬೇರೆ ಯಂತ್ರದಲ್ಲಿ ಹಾಕಿ, ಸುಳ್ಳು ಜನರನ್ನು ಕಳಿಸಿ, ಎಷ್ಟಕ್ಕೆ ಬೀಳುತ್ತದೆ ಅಂತ ನೋಡಿ ಬರೆದಿಡುತ್ತೇವೆ. ಅದೇ 2 ಜಿಬಿ ಯಂತ್ರ ಈಗಲೂ ಸಾಕಾಗಿದೆ.

ಉಳಿದಿರುವುದು ಹುಡುಕಾಟ. ಪದದ ಹಿಂದೆ ಮುಂದೆ ಎರಡೂ ಕಡೆ ಶೇಕಡಾ ಚಿಹ್ನೆ (‘ಇಲ್ಲಿ ಏನಿದ್ದರೂ ಸರಿ’ ಅನ್ನುವ ಗುರುತು) ಹಾಕಿ, ಹೋಲುವ ಪದ ಹುಡುಕುವ ಲೈಕ್ ಆದೇಶ ಬಳಸಿದ್ದಾರೆ. ಅದಕ್ಕೂ ಮಾಮೂಲಿ ಇಂಡೆಕ್ಸ್ ಸಹಾಯ ಮಾಡುವುದಿಲ್ಲ. ಜೊತೆಗೆ ಒಬ್ಬರು ‘ಕಟೀಲು’ ಅಂತ ಬರೆದರೆ ಇನ್ನೊಬ್ಬರು ‘ಕಟೀಲ್’ ಅಂತ ಬರೆಯುತ್ತಾರೆ, ಇಬ್ಬರಿಗೂ ಆಟ ಸಿಗಬೇಕು. ಊರ ಹೆಸರುಗಳಿಗೆ ಬೇರೆಯೇ ಒಂದು ಟೇಬಲ್ ಮಾಡಿ, ಒಂದೊಂದು ಊರಿಗೂ ಜನ ಬರೆಯುವ ಎಲ್ಲ ರೂಪಗಳನ್ನು ಸೇರಿಸುತ್ತಾ ಇದ್ದೇನೆ. ಬ್ರಹ್ಮಾವರದಿಂದ ಬೈಂದೂರುವರೆಗೆ ಆಗಿದೆ. ತೆಂಕಿನ ಕಡೆಯದ್ದು ಇನ್ನೂ ಬಾಕಿ.