ಮಕ್ಕಳ ಮೊದಲ ಕ್ಯಾಂಪೇನ್ ಗೇಮ್: ಬಾಕ್ಸ್ ತರುವ ಮುಂಚೆ ಏನು ನೋಡಬೇಕು?

ಬೋರ್ಡಿನ ಮೇಲೆ ಪುಟ್ಟ ಗೊಂಬೆಗಳನ್ನು ನಡೆಸುತ್ತಾ, ಒಂದೇ ಕಥೆಯನ್ನು ವಾರಗಟ್ಟಲೆ ಮುಂದುವರಿಸುವ ಆಟವೇ ಕ್ಯಾಂಪೇನ್ ಗೇಮ್. ಮೈಸೂರು, ಮಂಡ್ಯದ ಕಡೆ ಇದನ್ನು ಶುರು ಮಾಡಲು ದಸರಾ ರಜೆ ಹೇಳಿ ಮಾಡಿಸಿದ ಕಾಲ. ಅಜ್ಜಿಮನೆಗೆ ಬಂದ ಚಿಕ್ಕಪ್ಪ, ಅತ್ತೆಯ ಮಕ್ಕಳೆಲ್ಲ ಸೇರಿದರೆ ಸಲೀಸಾಗಿ ನಾಲ್ಕು ಜನ ಆಗುತ್ತಾರೆ. ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಎಷ್ಟು ಗೊಂಬೆ ಇವೆ, ಎಷ್ಟು ವಯಸ್ಸು ಬರೆದಿದೆ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ಆಟದೊಳಗಿನ ಇಂಗ್ಲಿಷನ್ನು ಓದಬೇಕಾದವರು ಯಾರು?

ವಯಸ್ಸಿನ ವಿಷಯ ಮೊದಲು ಮುಗಿಸೋಣ. ಅಮೆರಿಕದಲ್ಲಿ 12 ವರ್ಷದವರೆಗಿನ ಮಕ್ಕಳಿಗೆಂದು ಮಾರುವ ಸಾಮಾನಿಗೆ ಹೊರಗಿನ ಲ್ಯಾಬಿನಲ್ಲಿ ಸುರಕ್ಷತಾ ಪರೀಕ್ಷೆ ಕಡ್ಡಾಯ. ನಮ್ಮಲ್ಲೂ 2021ರ ಜನವರಿಯಿಂದ 14ರೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಬೇಕು. ಈ ಪರೀಕ್ಷೆಗಳ ಗೊಡವೆ ಬೇಡವೆಂದೂ ಕಂಪನಿಗಳು 14+ ಎಂದು ಹಾಕುವುದುಂಟು. ಹೀಗಾಗಿ 14+ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಆಟ ಕಷ್ಟ ಎಂದುಕೊಳ್ಳಬೇಕಿಲ್ಲ. ಹೀರೋಕ್ವೆಸ್ಟ್ ಬಾಕ್ಸಿನ ಮೇಲಿರುವುದೂ 14+. ದೊಡ್ಡವರೊಬ್ಬರು ಕೂತರೆ ಎಂಟು–ಒಂಬತ್ತರ ಮಕ್ಕಳು ಆರಾಮಾಗಿ ಆಡುತ್ತಾರೆ. ಮೈಸ್ ಅಂಡ್ ಮಿಸ್ಟಿಕ್ಸ್‌ನ ಮೇಲೆ 7+ ಅಂತಿದ್ದರೂ ಒಂದು ಅಧ್ಯಾಯ ಒಂದೂವರೆ ಗಂಟೆ ದಾಟುತ್ತದೆ, ಏಳರ ಮಗು ಅಷ್ಟರಲ್ಲಿ ಎದ್ದು ಹೋಗಿರುತ್ತದೆ. ಒಂದು ಮಾತು: ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ದಾಳ, ಟೋಕನ್‌ಗಳನ್ನು ನೆಲದ ಮೇಲೆ ಹರಡಲೇಬೇಡಿ.

ಈಗ ಇಂಗ್ಲಿಷ್. ಸ್ಟಫ್ಡ್ ಫೇಬಲ್ಸ್‌ನಲ್ಲಿ ಕಥೆಪುಸ್ತಕದ ಪುಟವೇ ಬೋರ್ಡು. ಒಬ್ಬರು ಗಟ್ಟಿಯಾಗಿ ಓದಿದರೆ ಸಾಕು, ಮಕ್ಕಳು ಚೀಲದಿಂದ ಬಣ್ಣಬಣ್ಣದ ಐದು ದಾಳ ತೆಗೆದು ಆಡುತ್ತಾರೆ. ಹೀರೋಕ್ವೆಸ್ಟ್‌ನಲ್ಲಿ ಸಾಹಸಗಳ ವಿವರವಿರುವ ಕ್ವೆಸ್ಟ್ ಪುಸ್ತಕ ಜಾರ್ಗನ್, ಅಂದರೆ ರಾಕ್ಷಸರನ್ನು ನಡೆಸುವ ಖಳ, ಆಗುವವರ ಬಳಿ ಇರುತ್ತದೆ. ಮಂತ್ರದ ಕಾರ್ಡು ಬಿಟ್ಟರೆ ಮಕ್ಕಳು ಓದಬೇಕಾದ್ದು ಕಡಿಮೆ. ಜಾಸ್ ಆಫ್ ದ ಲಯನ್ ಹಾಗಲ್ಲ. ಸರದಿಗೊಮ್ಮೆ ಕೈಯಿಂದ ಎರಡು ಕಾರ್ಡ್ ಆರಿಸಿ, ಒಂದರ ಮೇಲ್ಭಾಗ, ಇನ್ನೊಂದರ ಕೆಳಭಾಗ ಬಳಸಬೇಕು. ಅಷ್ಟೂ ಕಾರ್ಡನ್ನು ಮಗು ತಾನೇ ಓದಬೇಕು. ಮೊದಲ ಐದು ಸನ್ನಿವೇಶಗಳು ನಿಯಮವನ್ನು ಹಂತಹಂತವಾಗಿ ಕಲಿಸುತ್ತವೆ, ನಿಜ. ಆದರೂ ಕನ್ನಡ ಮೀಡಿಯಂ ಮಗುವಿಗೆ ಹನ್ನೆರಡರ ಮುಂಚೆ ಇದನ್ನು ಕೊಡುವುದು ಹಿಂಸೆ. ಕಥೆ ಹೇಳುವ ದೊಡ್ಡವರು ಆಯಾ ಅಧ್ಯಾಯವನ್ನು ಹಿಂದಿನ ರಾತ್ರಿಯೇ ಓದಿಟ್ಟುಕೊಂಡಿರಿ. ಆಡುವಾಗಲೇ ಒಂದೊಂದು ಸಾಲಿಗೂ ಕನ್ನಡ ಹುಡುಕುತ್ತಾ ಕೂತರೆ ಮಕ್ಕಳ ಕಣ್ಣು ಮೊಬೈಲಿನ ಕಡೆ ಹೋಗುತ್ತದೆ.

ದುಡ್ಡು ಹಾಕುವ ಮೊದಲು ಮನೆಯಲ್ಲೇ ಒಂದು ಸಂಜೆ ಪರೀಕ್ಷೆ ಮಾಡಬಹುದು. ಹೀರೋಕ್ವೆಸ್ಟ್‌ನ ಕಾದಾಟದ ದಾಳದಲ್ಲಿ ಮೂರು ಮುಖ ತಲೆಬುರುಡೆ, ಎರಡು ಬಿಳಿ ಗುರಾಣಿ, ಒಂದು ಕಪ್ಪು ಗುರಾಣಿ. ಅಂದರೆ ಮಾಮೂಲಿ ದಾಳವೇ ಸಾಕು: 1, 2, 3 ಬಿದ್ದರೆ ಏಟು, ವೀರರಿಗೆ ಗುರಾಣಿ 4, 5, ರಾಕ್ಷಸರಿಗೆ 6 ಮಾತ್ರ. ಡ್ರಾಯಿಂಗ್ ಚಾರ್ಟಿನ ಮೇಲೆ 4 ಸೆಂ.ಮೀ. ಚೌಕಗಳನ್ನು 12ಕ್ಕೆ 16ರಂತೆ ಎಳೆದು, ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಕೋಣೆ, ಕೋಣೆಗೊಂದು ಬಾಗಿಲು ಬರೆಯಿರಿ. ಚೆಸ್ಸಿನ ಬಿಳಿ ರಾಜ, ಮಂತ್ರಿ, ಕುದುರೆ, ಆನೆ ವೀರರಾಗಲಿ, ಎಂಟು ಕಪ್ಪು ಪದಾತಿಗಳು ಗಾಬ್ಲಿನ್ ಎಂಬ ಪುಟ್ಟ ರಾಕ್ಷಸರು. ಬಾಗಿಲು ತೆಗೆದಾಗ ಕೋಣೆಗೆ ಎರಡರಂತೆ ಇಡಿ. ಜೀವಕ್ಕೆ ಹುಣಸೆ ಬೀಜ: ಬಾರ್ಬೇರಿಯನ್ ಎಂಬ ಕಟ್ಟುಮಸ್ತು ಯೋಧನಿಗೆ 8, ಕುಳ್ಳನಿಗೆ 7, ಎಲ್ಫ್‌ಗೆ 6, ಮಾಂತ್ರಿಕನಿಗೆ 4, ಗಾಬ್ಲಿನ್‌ಗೆ 1. ಹೊಡೆಯಲು ಬಾರ್ಬೇರಿಯನ್‌ಗೆ 3 ದಾಳ, ಕುಳ್ಳ, ಎಲ್ಫ್‌ಗೆ 2, ಮಾಂತ್ರಿಕನಿಗೆ 1. ತಡೆಯಲು ನಾಲ್ವರಿಗೂ 2. ಗಾಬ್ಲಿನ್ ಹೊಡೆತಕ್ಕೆ 2, ತಡೆಗೆ 1. ವೀರರು ಎರಡು ದಾಳ ಹಾಕಿ ಬಿದ್ದಷ್ಟು ಮನೆ ನಡೆಯಬಹುದು, ಗಾಬ್ಲಿನ್ 10 ಮನೆ.

ಅಳು ಎಲ್ಲಿಂದ ಬರುತ್ತದೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ಒಂದು ಏಟಿಗೆ ಗಾಬ್ಲಿನ್ ಬೀಳುವ ಸಾಧ್ಯತೆ ಬಾರ್ಬೇರಿಯನ್‌ಗೆ ನೂರಕ್ಕೆ 81, ಮಾಂತ್ರಿಕನಿಗೆ ಬರೀ 42. ಟೋಪಿ, ಗಡ್ಡ ಚೆನ್ನಾಗಿದೆ ಎಂದು ಚಿಕ್ಕದು ಮಾಂತ್ರಿಕನನ್ನೇ ಹಿಡಿದರೆ ಹೊಡೆದಿದ್ದೆಲ್ಲ ಹುಸಿಯಾಗಿ, ನಾಲ್ಕು ಬೀಜವೂ ಬೇಗ ಹೋಗುತ್ತವೆ. ಮಂತ್ರದ ಕಾರ್ಡ್ ಓದಬಲ್ಲ ದೊಡ್ಡ ಮಗುವಿಗೆ ಅದನ್ನು ಕೊಡಿ, ಚಿಕ್ಕದಕ್ಕೆ ಬಾರ್ಬೇರಿಯನ್. ಇನ್ನೂ ಒಂದು: ಆ ಬಾಕ್ಸಿನ ಮೊದಲ ಕ್ವೆಸ್ಟೇ ಗಡಸು. ಜಾರ್ಗನ್ ಆದವರು ಒಂದಷ್ಟು ರಾಕ್ಷಸರನ್ನು ಸುಮ್ಮನೆ ತೆಗೆದಿಡಬಹುದು, ಯಾರೂ ಕೇಳುವುದಿಲ್ಲ.

ಚೌಕಾಬಾರದಲ್ಲಿ ಒಬ್ಬರ ಕಾಯಿಯನ್ನು ಇನ್ನೊಬ್ಬರು ಹೊಡೆದು ಅಭ್ಯಾಸವಾದ ಮಕ್ಕಳಿಗೆ, ಎಲ್ಲರೂ ಒಂದೇ ಪಕ್ಷ ಎಂಬುದು ಮೊದಲಿಗೆ ವಿಚಿತ್ರ ಅನಿಸುತ್ತದೆ. ಜಗಳ ಕಮ್ಮಿಯಾಗುತ್ತದೆ, ಆದರೆ ಅದರ ಜಾಗದಲ್ಲಿ ಯಜಮಾನಿಕೆ ಶುರುವಾಗುತ್ತದೆ. ಅಣ್ಣನೋ ಅಪ್ಪನೋ ‘ನೀನಿಲ್ಲಿ ನಿಲ್ಲು, ನೀನದನ್ನ ಹೊಡಿ’ ಎಂದು ನಾಲ್ವರ ಆಟವನ್ನೂ ತಾವೇ ಆಡಿಬಿಡುತ್ತಾರೆ. ಹೀರೋಕ್ವೆಸ್ಟ್‌ನಲ್ಲಿ ಅಪ್ಪ ಜಾರ್ಗನ್ ಆದರೆ ಎದುರಾಳಿಯಾಗುವುದರಿಂದ ಈ ಕಾಟ ತಾನಾಗಿ ತಪ್ಪುತ್ತದೆ. ಜಾರ್ಗನ್ ಕೆಲಸವನ್ನು ನೋಡಿಕೊಳ್ಳಲು ಉಚಿತ ಆ್ಯಪ್ ಇದೆ, ಆದರೆ ಮಕ್ಕಳ ಜೊತೆ ಅದನ್ನು ಬಳಸದಿರುವುದೇ ವಾಸಿ. ಉಳಿದ ಆಟಗಳಲ್ಲಿ ಕೇಳದೆ ಸಲಹೆ ಕೊಡಬಾರದು ಎಂಬ ನಿಯಮವನ್ನು ನೀವೇ ಹಾಕಿಕೊಳ್ಳಬೇಕು.

ಪರೀಕ್ಷೆಯ ಸಂಜೆ ಅರ್ಧ ಗಂಟೆಗೇ ಮಗು ಎದ್ದರೆ ದೊಡ್ಡ ಬಾಕ್ಸ್ ಬೇಡ. ಝೋಂಬಿ ಕಿಡ್ಜ್ ಎವಲ್ಯೂಷನ್ ತನ್ನಿ. ಗೊಂಬೆ ಇಲ್ಲ, ರಟ್ಟಿನ ಕಾಯಿಗಳಷ್ಟೇ; ಒಂದು ಆಟ ಕಾಲು ಗಂಟೆ; ಆಡಿದ ಹಾಗೆಲ್ಲ ಸ್ಟಿಕರ್ ಅಂಟಿಸಿ, ಮುಚ್ಚಿದ ಲಕೋಟೆ ಒಡೆದು ಹೊಸ ನಿಯಮ ಸೇರಿಸಿಕೊಳ್ಳುತ್ತಾ ಹೋಗಬೇಕು. ಮುಕ್ಕಾಲು ಗಂಟೆ ಕೂತರೆ ಸ್ಟಫ್ಡ್ ಫೇಬಲ್ಸ್ ಆಗುತ್ತದೆ, ಆದರೆ ಕತ್ತಲಿಗೆ ಹೆದರುವ ಮಗುವಾದರೆ ಚಿತ್ರಗಳನ್ನು ಮೊದಲೇ ನೋಡಿಕೊಳ್ಳಿ: ಅದು ದುಃಸ್ವಪ್ನಗಳ ಕಥೆ, ಕೆಲವು ರಾಕ್ಷಸರು ನಿಜಕ್ಕೂ ವಿಕಾರವಾಗಿದ್ದಾರೆ. ಆನ್‌ಲೈನಿನಲ್ಲಿ ವಿದೇಶದಿಂದ ತರಿಸುವುದಾದರೆ ಕೊರಿಯರ್, ಸುಂಕ ಸೇರಿಸಿದ ಮೇಲಿನ ಬೆಲೆ ನೋಡಿ. ಸೆಕೆಂಡ್ ಹ್ಯಾಂಡ್ ಆದರೆ ನಿಯಮ ಪುಸ್ತಕದಲ್ಲಿರುವ ಸಾಮಾನು ಪಟ್ಟಿ ಹಿಡಿದು ಎಣಿಸಿ. ಸ್ಟಿಕರ್ ಆಟಗಳನ್ನು ಹಳೆಯದಾಗಿ ಕೊಳ್ಳುವುದು ದಂಡ.

ಬಾಕ್ಸ್ ಬಿಚ್ಚಿದಾಗ ಕತ್ತಿ, ಈಟಿಗಳು ಸೊಟ್ಟಗಾಗಿದ್ದರೆ ಕೈಯಿಂದ ಎಳೆಯಬೇಡಿ, ಬಿಳಚಿಕೊಂಡು ಮುರಿಯುತ್ತವೆ. ಮೆತ್ತನೆ ಪ್ಲಾಸ್ಟಿಕ್ಕಾದರೆ ಕುದಿಯುವ ಮುಂಚಿನ ಬಿಸಿನೀರಿನಲ್ಲಿ ಇಕ್ಕಳದಿಂದ ಅರ್ಧ ನಿಮಿಷ ಹಿಡಿದು, ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ. ಇದು ದೊಡ್ಡವರ ಕೆಲಸ. ಆಟ ನಿಲ್ಲಿಸುವಾಗ ಒಬ್ಬೊಬ್ಬ ವೀರನ ಗೊಂಬೆ, ಕಾರ್ಡು, ಚಿನ್ನದ ಲೆಕ್ಕದ ಚೀಟಿಯನ್ನು ಒಂದೊಂದು ಜಿಪ್ ಕವರಿಗೆ ಹಾಕಿ, ಮೇಲೆ ಮಗುವಿನ ಹೆಸರು ಬರೆದು, ಬೋರ್ಡಿನ ಫೋಟೋ ತೆಗೆದಿಡಿ. ಮುಂದಿನ ಭಾನುವಾರದ ಮೊದಲ ಅರ್ಧ ಗಂಟೆ ‘ಯಾವ ಕತ್ತಿ ಯಾರದು’ ಎಂಬ ತಕರಾರಿನಲ್ಲಿ ಕಳೆಯುವುದು ತಪ್ಪುತ್ತದೆ.