ಪರಿಸರ ನೀತಿಯಲ್ಲಿ ಸ್ನಾತಕೋತ್ತರ ಪದವಿ: ಕೋರ್ಸ್ ಆರಿಸಿಕೊಳ್ಳುವುದು ಹೇಗೆ?

ಪರಿಸರ ನೀತಿಯನ್ನು ಸ್ನಾತಕೋತ್ತರ ಹಂತದಲ್ಲಿ ಓದಬಯಸುವವರು ಸಾಮಾನ್ಯವಾಗಿ ರ‍್ಯಾಂಕಿಂಗ್ ಪಟ್ಟಿಯಿಂದಲೇ ಹುಡುಕಾಟ ಆರಂಭಿಸುತ್ತಾರೆ. ಆದರೆ ಈ ಒಂದೇ ಹೆಸರಿನಡಿ ಒಂದು ವಿಶ್ವವಿದ್ಯಾಲಯವು ಅರ್ಥಶಾಸ್ತ್ರಕ್ಕೆ, ಇನ್ನೊಂದು ಕಾನೂನಿಗೆ, ಮತ್ತೊಂದು ಅರಣ್ಯ ಮತ್ತು ಜಲ ನಿರ್ವಹಣೆಗೆ ಒತ್ತು ಕೊಡುವುದರಿಂದ ಆ ಪಟ್ಟಿಯ ಉಪಯೋಗ ಕಡಿಮೆ.

ಮೊದಲು ತೀರ್ಮಾನಿಸಬೇಕಾದದ್ದು ನಿಮ್ಮ ಕೆಲಸದ ಸ್ವರೂಪವನ್ನು. ಅಮೆರಿಕವು 1990ರಲ್ಲಿ ತನ್ನ ಶುದ್ಧ ಗಾಳಿ ಕಾಯ್ದೆಗೆ ತಿದ್ದುಪಡಿ ತಂದು, ಆಮ್ಲಮಳೆಗೆ ಕಾರಣವಾಗುವ ಸಲ್ಫರ್ ಡೈಆಕ್ಸೈಡ್‌ಗೆ ಒಟ್ಟು ಮಿತಿ ಹಾಕಿತು. ವಿದ್ಯುತ್ ಸ್ಥಾವರಗಳು ತಮ್ಮ ಪಾಲಿನ ಹೊರಸೂಸುವಿಕೆಯ ಪರವಾನಗಿಗಳನ್ನು ಪರಸ್ಪರ ಕೊಂಡು ಮಾರಲು ಅವಕಾಶ ಕೊಟ್ಟಿತು. ಇಂಥ ಒಂದು ನೀತಿಗೆ ಮಾಲಿನ್ಯದ ಜಾಡು ಹಿಡಿಯುವ ವಿಜ್ಞಾನಿ, ಮಾರುಕಟ್ಟೆಯ ನಿಯಮ ರೂಪಿಸುವ ಅರ್ಥಶಾಸ್ತ್ರಜ್ಞ, ದಂಡದ ಕಲಂ ಬರೆಯುವ ಕಾನೂನು ತಜ್ಞ, ಚಿಮಣಿಯ ಹೊಗೆಯನ್ನು ಅಳೆಯುವ ಎಂಜಿನಿಯರ್ ಎಲ್ಲರೂ ಬೇಕು. ಇವರಲ್ಲಿ ಯಾರ ಕುರ್ಚಿ ನಿಮ್ಮದು ಎಂಬುದಕ್ಕೆ ಉತ್ತರ ಸಿಕ್ಕರೆ ಅರ್ಧ ಪಟ್ಟಿ ತಾನಾಗಿಯೇ ಕರಗುತ್ತದೆ.

ನಂತರ ಪದವಿಯ ಅವಧಿಯನ್ನು ನೋಡಿ. ಕೊಲಂಬಿಯಾ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ಮತ್ತು ನೀತಿಯ ಎಂಪಿಎ (ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ) 12 ತಿಂಗಳಲ್ಲಿ ಮುಗಿಯುತ್ತದೆ. ಯೇಲ್ ಮತ್ತು ಡ್ಯೂಕ್‌ಗಳ ಪರಿಸರ ನಿರ್ವಹಣಾ ಪದವಿಗಳು ಸಾಮಾನ್ಯವಾಗಿ 2 ವರ್ಷದವು. ಈಗಾಗಲೇ ಕೆಲಸದ ಅನುಭವ ಇರುವವರಿಗೆ ಒಂದು ವರ್ಷ ಸಾಕಾಗಬಹುದು. ಹೊಸ ಕ್ಷೇತ್ರಕ್ಕೆ ಕಾಲಿಡುವವರಿಗೆ ಮಾತ್ರ ಎರಡು ವರ್ಷದ ಕೋರ್ಸೇ ಲೇಸು, ಏಕೆಂದರೆ ನಡುವಿನ ಬೇಸಿಗೆಯಲ್ಲಿ ಸಿಗುವ ಇಂಟರ್ನ್‌ಶಿಪ್ ಎಷ್ಟೋ ಬಾರಿ ಮೊದಲ ಉದ್ಯೋಗದ ಬಾಗಿಲಾಗುತ್ತದೆ.

ಇನ್ನು ಹೆಚ್ಚು ಸಮಯ ಕೊಡಬೇಕಾದದ್ದು ಕಡ್ಡಾಯ ವಿಷಯಗಳ ಪಟ್ಟಿಗೆ. ಐಚ್ಛಿಕ ವಿಷಯಗಳ ಪಟ್ಟಿ ಎಲ್ಲ ಕಡೆಯೂ ಆಕರ್ಷಕವಾಗಿಯೇ ಇರುತ್ತದೆ; ಅದರಲ್ಲಿ ಕೆಲವನ್ನು ಪ್ರತಿ ವರ್ಷ ಕಲಿಸುವುದೂ ಇಲ್ಲ. ಸಂಖ್ಯಾಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರ, ವೆಚ್ಚ-ಲಾಭ ವಿಶ್ಲೇಷಣೆ ಇವು ಕಡ್ಡಾಯವೇ ಎಂದು ಪರಿಶೀಲಿಸಿ. ಒಂದು ಲೆಕ್ಕ ನೋಡಿ: ನೂರು ವರ್ಷಗಳ ಬಳಿಕ ಆಗಲಿರುವ 100 ಕೋಟಿಯ ಹವಾಮಾನ ನಷ್ಟವನ್ನು ವರ್ಷಕ್ಕೆ ಶೇ 1ರ ದರದಲ್ಲಿ ಇಂದಿನ ಮೌಲ್ಯಕ್ಕೆ, ಅಂದರೆ ಅದು ಈಗಿನ ಎಷ್ಟು ಹಣಕ್ಕೆ ಸಮ ಎಂಬ ಲೆಕ್ಕಕ್ಕೆ, ಇಳಿಸಿದರೆ ಸುಮಾರು 37 ಕೋಟಿಯಾಗುತ್ತದೆ, ದರವನ್ನು ಶೇ 5ಕ್ಕೆ ಏರಿಸಿದರೆ ಅದೇ ನಷ್ಟ 1 ಕೋಟಿಗೂ ಕೆಳಗಿಳಿಯುತ್ತದೆ. ಒಂದು ಅಣೆಕಟ್ಟೆಯೋ ಇಂಗಾಲದ ತೆರಿಗೆಯೋ ಕಾರ್ಯಸಾಧು ಎನಿಸಿಕೊಳ್ಳುವುದು ಎಷ್ಟೋ ವೇಳೆ ಈ ಒಂದು ಅಂಕಿಯ ಆಯ್ಕೆಯಿಂದ. ಈ ಲೆಕ್ಕವನ್ನು ಕೈಯಾರೆ ಮಾಡಿಸದೆ, ಆ ದರವನ್ನು ಯಾರು ಯಾವ ನ್ಯಾಯದ ಮೇಲೆ ನಿಗದಿಪಡಿಸಬೇಕೆಂದು ಚರ್ಚಿಸದೆ ಪದವಿ ಕೊಡುವ ಕೋರ್ಸನ್ನು ನಾನಂತೂ ಶಿಫಾರಸು ಮಾಡಲಾರೆ.

ಕೊನೆಯ ಸೆಮಿಸ್ಟರ್‌ನಲ್ಲಿ ಪ್ರಬಂಧ ಬರೆಸುತ್ತಾರೋ, ಇಲ್ಲವೇ ಯಾವುದಾದರೂ ಇಲಾಖೆ ಅಥವಾ ಸಂಸ್ಥೆಗಾಗಿ ತಂಡವಾಗಿ ವರದಿ ಮಾಡಿಸುತ್ತಾರೋ ಎಂಬುದನ್ನೂ ಕೇಳಿ. ಪಿಎಚ್.ಡಿ. ಮಾಡುವ ಯೋಚನೆ ಇದ್ದರೆ ಪ್ರಬಂಧವಿರುವ ಕೋರ್ಸೇ ಸರಿ.

ಶುಲ್ಕ ಮತ್ತು ನೆರವಿನ ಬಗ್ಗೆ ಹೇಳುವುದಾದರೆ, ಪಿಎಚ್.ಡಿ.ಗೆ ಸಿಗುವಷ್ಟು ಧನಸಹಾಯ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಒಟ್ಟು ವೆಚ್ಚವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ‘ಶೇ 95ರಷ್ಟು ಮಂದಿಗೆ ಉದ್ಯೋಗ’ ಎಂಬಂಥ ಹೇಳಿಕೆ ಕಂಡರೆ, ಸಮೀಕ್ಷೆಗೆ ಎಷ್ಟು ಮಂದಿ ಉತ್ತರಿಸಿದ್ದರು, ಸಿಕ್ಕ ಉದ್ಯೋಗ ಪರಿಸರಕ್ಕೆ ಸಂಬಂಧಿಸಿದ್ದೇ ಎಂದು ವಿಚಾರಿಸಿ.

ಅರ್ಜಿ ಹಾಕುವ ಮುನ್ನ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳಿಗೆ ಪತ್ರ ಬರೆದು, ನೀವು ಯಾರ ಹೆಸರು ನೋಡಿ ಸೇರಬೇಕೆಂದಿದ್ದೀರೋ ಆ ಪ್ರಾಧ್ಯಾಪಕರು ಈ ವರ್ಷ ತರಗತಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.